ಗರ್ಭ ನಿಂತ ದಿನವೇ ಮಾತ್ರೆ ಬಿಡಬೇಕೇ?

ಗರ್ಭ ನಿಂತಿದೆ ಎಂದು ಗೊತ್ತಾದ ದಿನವೇ ಕೆಲವರು ನಿರ್ಧಾರ ಮಾಡಿಕೊಂಡು ಬಂದಿರುತ್ತಾರೆ. "ಇನ್ನು ಒಂದು ಮಾತ್ರೆಯನ್ನೂ ಮುಟ್ಟಲ್ಲ ಡಾಕ್ಟ್ರೇ, ಮಗುಗೋಸ್ಕರ." ಬೆನ್ನುನೋವಿಗೆಂದು ಶುರುವಾದ ಟ್ರಮಡಾಲ್ ಇರಬಹುದು, ಕೊಡೀನ್ ಇರುವ ಕೆಮ್ಮಿನ ಸಿರಪ್ ಇರಬಹುದು, ಹೆರಾಯಿನ್ ಇರಬಹುದು. ಮೂರೂ ಒಪಿಯಾಯ್ಡ್, ಅಂದರೆ ಅಫೀಮಿನಂತೆ ಕೆಲಸ ಮಾಡುವ ಮದ್ದುಗಳ ಗುಂಪಿನವೇ. ಆ ಮಾತು ಎಷ್ಟು ಕಷ್ಟದಿಂದ ಬಂದಿದೆ ಎಂಬುದು ನನಗೆ ಗೊತ್ತು. ಆದರೂ ನಾನು ಮೊದಲು ಹೇಳುವುದು ಒಂದೇ: ದಯವಿಟ್ಟು ಒಬ್ಬರೇ, ಒಮ್ಮೆಲೇ ಬಿಡಬೇಡಿ.

ತಿಂಗಳುಗಟ್ಟಲೆ ಒಪಿಯಾಯ್ಡ್‌ಗೆ ಒಗ್ಗಿದ ದೇಹಕ್ಕೆ ಅದು ಥಟ್ಟನೆ ತಪ್ಪಿದರೆ ಮೈಕೈ ನೋವು, ವಾಂತಿ, ಭೇದಿ, ಬೆವರು, ನಿದ್ದೆಗೆಟ್ಟ ರಾತ್ರಿಗಳು ಶುರುವಾಗುತ್ತವೆ. ಹೆಚ್ಚಿನವರು ಕೆಲವೇ ದಿನಗಳಲ್ಲಿ ಸೋತು ಮತ್ತೆ ಅದಕ್ಕೇ ಮರಳುತ್ತಾರೆ. ಅಪಾಯ ಇರುವುದು ಅಲ್ಲಿ. ನಡುವೆ ಬಿಟ್ಟ ದಿನಗಳಲ್ಲಿ ದೇಹದ ತಾಳಿಕೆ ಇಳಿದಿರುತ್ತದೆ. ಮೊದಲು ಸಲೀಸಾಗಿ ತಡೆದುಕೊಂಡ ಪ್ರಮಾಣವೇ ಈಗ ಉಸಿರು ನಿಲ್ಲಿಸಬಹುದು. ಆದ್ದರಿಂದಲೇ ವಿಶ್ವ ಆರೋಗ್ಯ ಸಂಸ್ಥೆ 2014ರ ಮಾರ್ಗಸೂಚಿಯಲ್ಲಿ, ಒಪಿಯಾಯ್ಡ್ ಅವಲಂಬನೆ ಇರುವ ಗರ್ಭಿಣಿಯರಿಗೆ ಮದ್ದು ಬಿಡಿಸುವ ಪ್ರಯತ್ನಕ್ಕಿಂತ ಮೆಥಡೋನ್ ಅಥವಾ ಬ್ಯುಪ್ರೆನಾರ್ಫಿನ್ ಎಂಬ, ವೈದ್ಯರ ನಿಗಾದಲ್ಲಿ ಕೊಡುವ ಒಪಿಯಾಯ್ಡ್ ಔಷಧಿಗಳ ಚಿಕಿತ್ಸೆಯಲ್ಲಿ ಇರಿಸುವುದೇ ಮೇಲು ಎಂದಿತು.

"ಒಂದು ಚಟ ಬಿಡಿಸಿ ಇನ್ನೊಂದು ಹತ್ತಿಸ್ತೀರಲ್ಲ" ಎಂದು ಮನೆಯವರು ಕೇಳುತ್ತಾರೆ. ಕೇಳಬೇಕಾದ ಪ್ರಶ್ನೆಯೇ. ಹೆರಾಯಿನ್ ಬೇಗ ಏರಿ ಬೇಗ ಇಳಿಯುತ್ತದೆ. ತಾಯಿಯ ರಕ್ತದಲ್ಲಿ ಆಗುವ ಈ ಏರಿಳಿತವನ್ನು ಮಾಸಿನ ಮೂಲಕ ಕೂಸೂ ದಿನಕ್ಕೆ ಹಲವು ಸಲ ಅನುಭವಿಸುತ್ತದೆ. ಚಿಕಿತ್ಸೆಯ ಔಷಧಿಗಳು ನಿಧಾನವಾಗಿ, ಸಮವಾಗಿ ಕೆಲಸ ಮಾಡುತ್ತವೆ. ಮದ್ದಿಗಾಗಿ ಅಲೆಯುವುದು ನಿಲ್ಲುತ್ತದೆ, ತಾಯಿ ಊಟ ಮಾಡುತ್ತಾಳೆ, ನಿದ್ದೆ ಮಾಡುತ್ತಾಳೆ, ತಪಾಸಣೆಗೆ ಬರುತ್ತಾಳೆ.

ಏಳನೇ ತಿಂಗಳ ಹೊತ್ತಿಗೆ ಕೆಲವರು ತಲೆ ತಗ್ಗಿಸಿ, ಡೋಸ್ ಸಾಲುತ್ತಿಲ್ಲ ಎನ್ನುತ್ತಾರೆ. ಚಟ ಜಾಸ್ತಿಯಾಯಿತೇನೋ ಎಂಬ ಭಯ ಅವರಿಗೆ. ಹಾಗಲ್ಲ. ಬಸುರಿಯಲ್ಲಿ ರಕ್ತದ ಪ್ರಮಾಣ ಹೆಚ್ಚಾಗಿರುತ್ತದೆ, ದೇಹ ಮೆಥಡೋನ್ ಅನ್ನು ಬೇಗ ಕರಗಿಸಿಬಿಡುತ್ತದೆ. ಡೋಸ್ ಏರಿಸಬೇಕಾಗಬಹುದು, ದಿನಕ್ಕೆ ಎರಡು ಸಲ ಹಂಚಿ ಕೊಡಬೇಕಾಗಬಹುದು. ಮಗುವಿಗೆ ಕಷ್ಟವಾಗದಿರಲಿ ಎಂದು ತಾಯಿ ಗುಟ್ಟಾಗಿ ಡೋಸ್ ಇಳಿಸಿಕೊಂಡರೆ ಮಗುವಿಗೆ ಲಾಭವೂ ಇಲ್ಲ. ತಾಯಿಯ ಡೋಸ್‌ಗೂ ಹುಟ್ಟಿದ ಮೇಲೆ ಕೂಸಿಗೆ ಆಗುವ ತೊಂದರೆಯ ತೀವ್ರತೆಗೂ ನೇರ ಲೆಕ್ಕಾಚಾರ ಕೂಡಿಬರುವುದಿಲ್ಲ.

ಹೆರಿಗೆ ನೋವಿಗೆ ಈ ದಿನನಿತ್ಯದ ಡೋಸ್ ಸಾಲದು, ಅದರ ನೋವಿಗೆ ಬೇರೆಯೇ ಉಪಾಯ ಬೇಕು. ಎಪಿಡ್ಯುರಲ್, ಅಂದರೆ ಬೆನ್ನಿನ ಮೂಲಕ ಕೊಡುವ ಅರಿವಳಿಕೆ, ಒಳ್ಳೆಯದು. ಆದರೆ ಪೆಂಟಜೋಸಿನ್‌ನಂಥ ನೋವಿನ ಚುಚ್ಚುಮದ್ದು ಕೊಟ್ಟರೆ, ಒಪಿಯಾಯ್ಡ್ ಥಟ್ಟನೆ ತಪ್ಪಿದಾಗ ಆಗುವ ಲಕ್ಷಣಗಳೇ ತಾಯಿಗೆ ಅಲ್ಲೇ ತೀವ್ರವಾಗಿ ಶುರುವಾಗಬಹುದು. ಹಾಗಾಗಿ ಹೆರಿಗೆ ಕೋಣೆಯಲ್ಲಿ ಈ ಚಿಕಿತ್ಸೆಯ ವಿಷಯವನ್ನು ಮುಚ್ಚಿಡಬಾರದು.

ಹೊಕ್ಕುಳಬಳ್ಳಿ ಕತ್ತರಿಸಿದಾಗ ಕೂಸಿಗೆ ಬರುತ್ತಿದ್ದ ಔಷಧಿಯೂ ನಿಲ್ಲುತ್ತದೆ. ಸಾಮಾನ್ಯವಾಗಿ ಮೊದಲ ಎರಡು ಮೂರು ದಿನಗಳಲ್ಲಿ, ಕೆಲವೊಮ್ಮೆ ಇನ್ನೂ ತಡವಾಗಿ, ಕೆಲವು ಕೂಸುಗಳು ಕೀರಲು ದನಿಯಲ್ಲಿ ಅಳುತ್ತವೆ, ನಡುಗುತ್ತವೆ, ಮೇಲಿಂದ ಮೇಲೆ ಸೀನುತ್ತವೆ, ಹಾಲು ಕುಡಿಯಲು ಒದ್ದಾಡುತ್ತವೆ. ಇದಕ್ಕೆ ಚಿಕಿತ್ಸೆ ಇದೆ. "ಚಟದ ಮಗು" ಎಂಬ ಮಾತನ್ನು ಮಾತ್ರ ನನ್ನ ವಾರ್ಡಿನಲ್ಲಿ ನಾನು ಆಡಗೊಡುವುದಿಲ್ಲ. ಚಟವೆಂದರೆ ಕೆಡುಕಾದರೂ ಅದರ ಬೆನ್ನು ಹತ್ತುವ ನಡವಳಿಕೆ. ಮೂರು ದಿನದ ಕೂಸಿಗೆ ಅದು ಎಲ್ಲಿಂದ ಬರಬೇಕು?

1975ರಲ್ಲಿ ಅಮೆರಿಕದ ವೈದ್ಯೆ ಲೊರೆಟಾ ಫಿನೆಗನ್ ಅವರ ತಂಡ ರೂಪಿಸಿದ ಅಂಕಪಟ್ಟಿಯನ್ನು ಹಿಡಿದು ನಾವು ದಶಕಗಳ ಕಾಲ ಸೀನು, ಆಕಳಿಕೆ ಎಲ್ಲವನ್ನೂ ಎಣಿಸಿದೆವು. ಅಂಕ ಏರಿದರೆ ಮಾರ್ಫಿನ್, ಜೊತೆಗೆ ಹಲವು ಸಲ ತಾಯಿಯಿಂದ ದೂರ, ತೀವ್ರ ನಿಗಾ ಘಟಕ. ಈಗ ಕೇಳುವ ಪ್ರಶ್ನೆಗಳು ಸರಳ: ಸಾಕಷ್ಟು ಹಾಲು ಕುಡಿಯುತ್ತಿದೆಯೇ, ಒಂದು ಗಂಟೆಯಾದರೂ ನಿದ್ದೆ ಮಾಡುತ್ತಿದೆಯೇ, ಹತ್ತು ನಿಮಿಷದೊಳಗೆ ಸಮಾಧಾನವಾಗುತ್ತಿದೆಯೇ? ಮಂದ ಬೆಳಕು, ತಾಯಿಯ ಎದೆಗೊರಗಿದ ಬೆಚ್ಚಗಿನ ಮೈ, ಎದೆಹಾಲು ಇವೇ ಮೊದಲ ಚಿಕಿತ್ಸೆ. ಅಮೆರಿಕದ 26 ಆಸ್ಪತ್ರೆಗಳಲ್ಲಿ ನಡೆದು 2023ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ, ಕೂಸು ಮನೆಗೆ ಹೋಗಲು ಸಿದ್ಧವಾಗುವ ಸರಾಸರಿ ಅವಧಿ ಈ ವಿಧಾನದಿಂದ 14.9 ದಿನಗಳಿಂದ 8.2ಕ್ಕೆ ಇಳಿಯಿತು. ಔಷಧಿ ಬೇಕಾದ ಕೂಸುಗಳು ಶೇ. 52ರಿಂದ ಶೇ. 19.5ಕ್ಕೆ ಇಳಿದವು.

ಎದೆಹಾಲಿನ ಬಗ್ಗೆ ಹೆದರಿಕೆ ಬಹಳ. ಮೆಥಡೋನ್, ಬ್ಯುಪ್ರೆನಾರ್ಫಿನ್ ಹಾಲಿಗೆ ಇಳಿಯುವುದು ತೀರಾ ಕಡಿಮೆ; ಚಿಕಿತ್ಸೆಯಲ್ಲಿ ಸ್ಥಿರವಾಗಿದ್ದು ಬೇರೆ ಮಾದಕ ವಸ್ತು ಬಳಸದ, ಬೇರೆ ವೈದ್ಯಕೀಯ ಅಡ್ಡಿಯಿಲ್ಲದ ತಾಯಿ ಹಾಲೂಡಿಸಲೇಬೇಕು ಎಂಬುದು ನನ್ನ ಒತ್ತಾಯ. ಕೊಡೀನ್, ಟ್ರಮಡಾಲ್ ಬೇರೆ ಮಾತು. ಕೆಲವರ ದೇಹ ಕೊಡೀನನ್ನು ಅತಿ ವೇಗವಾಗಿ ಮಾರ್ಫಿನ್ ಆಗಿ ಬದಲಿಸುತ್ತದೆ, ಹಾಲು ಕುಡಿದ ಕೂಸು ಮಂಕಾಗಿ ಉಸಿರೇ ನಿಧಾನವಾಗಬಹುದು. 2017ರಲ್ಲಿ ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ ಹಾಲೂಡಿಸುವ ತಾಯಂದಿರಿಗೆ ಇವೆರಡೂ ಬೇಡವೆಂದು ಎಚ್ಚರಿಸಿತು.

ಹೆರಿಗೆಯಾದ ಮೇಲೆ ಎಲ್ಲರ ಕಣ್ಣೂ ತೊಟ್ಟಿಲ ಮೇಲೆ. 2018ರಲ್ಲಿ ಪ್ರಕಟವಾದ ಮ್ಯಾಸಚೂಸೆಟ್ಸ್ ರಾಜ್ಯದ ಅಧ್ಯಯನದ ಪ್ರಕಾರ ಈ ತಾಯಂದಿರಲ್ಲಿ ಓವರ್‌ಡೋಸ್ ಅತಿ ಕಡಿಮೆ ಇದ್ದದ್ದು ಗರ್ಭದ ಕೊನೆಯ ಮೂರು ತಿಂಗಳಲ್ಲಿ, ಅತಿ ಹೆಚ್ಚಿದ್ದದ್ದು ಹೆರಿಗೆಯಾಗಿ 7ರಿಂದ 12 ತಿಂಗಳಲ್ಲಿ. ಅಷ್ಟರಲ್ಲಿ ತಪಾಸಣೆಗಳು ಮುಗಿದಿರುತ್ತವೆ, ನಿದ್ದೆಯಿಲ್ಲ, ಮನಸ್ಸು ಕುಸಿದಿರುತ್ತದೆ. "ಹೆರಿಗೆ ಆಯ್ತಲ್ಲ, ಇನ್ನೇಕೆ ಮಾತ್ರೆ" ಎಂದು ಯಾರೋ ನಿಲ್ಲಿಸಿರುತ್ತಾರೆ. ಮಗುವಿಗೆ ವರ್ಷ ತುಂಬುವವರೆಗಾದರೂ ಚಿಕಿತ್ಸೆ ನಿಲ್ಲಿಸಬೇಡಿ ಎಂದು ನಾನು ಬೇಡಿಕೊಳ್ಳುತ್ತೇನೆ.

ಒಪಿಯಾಯ್ಡ್ ಓವರ್‌ಡೋಸ್ ಆದಾಗ ಅದರ ಪರಿಣಾಮ ತಡೆಯುವ ಔಷಧಿ ನಲಾಕ್ಸೋನ್ ಮನೆಯಲ್ಲಿ ಇರಲಿ. ಆಕೆ ಎಚ್ಚರ ತಪ್ಪಿ ಉಸಿರು ತೀರಾ ನಿಧಾನವಾಗಿದ್ದರೆ, ಬಸುರಿಯಾದರೂ ಬಾಣಂತಿಯಾದರೂ ಕೊಡಿ, ಹಿಂಜರಿಯಬೇಡಿ. ಕೊಟ್ಟ ಕೂಡಲೇ ಆಂಬುಲೆನ್ಸ್ ಕರೆಯಿರಿ. ಕಣ್ಣು ಬಿಟ್ಟು ಮಾತಾಡಿದರೂ ಆಸ್ಪತ್ರೆಗೆ ಬರಲೇಬೇಕು: ನಲಾಕ್ಸೋನ್ ಪ್ರಭಾವ ಬೇಗ ಇಳಿಯುತ್ತದೆ, ಒಳಗಿರುವ ಮದ್ದು ಇನ್ನೂ ಉಳಿದಿರುತ್ತದೆ.