ಅಕೇಶಿಯಾ ಜಗಳದಲ್ಲಿ ಕಾಣದ ಆವಿಯ ಲೆಕ್ಕ

ಶಿವಮೊಗ್ಗ ಕಡೆ ಈಗ ಕಾಗದದ ಮಾತು ಎತ್ತಿದರೆ ಅದು ಕಾಗದಕ್ಕೆಂದು ಬೆಳೆಸಿದ ಅಕೇಶಿಯಾ ಮರದ ಹತ್ತಿರವೇ ಹೋಗಿ ನಿಲ್ಲುತ್ತದೆ. ತೋಪು ಬೇಕೋ ಬೇಡವೋ, ಭೂಮಿ ಯಾರದು, ಭದ್ರಾವತಿಯ ನಿಂತ ಮಿಲ್ಲು ಮತ್ತೆ ಶುರುವಾಗುತ್ತದೋ ಇಲ್ಲವೋ. ಎಲ್ಲ ಸೇರಿ ಗಂಟಾಗಿದೆ. ಒಂದು ಟನ್ ಕಾಗದಕ್ಕೆ ಎಷ್ಟು ಮರ, ಎಷ್ಟು ಆವಿ, ಎಷ್ಟು ನೀರು ಎಂಬ ಎಳೆ ಮಾತ್ರ ಯಾರ ಕೈಗೂ ಸಿಕ್ಕಂತಿಲ್ಲ.

ಕಥೆ ಚಿಕ್ಕದಾಗಿ ಹೀಗೆ. ಭದ್ರಾವತಿಯ ಮೈಸೂರು ಕಾಗದ ಕಾರ್ಖಾನೆ, ಅಂದರೆ ಎಂಪಿಎಂ, ಸ್ಥಾಪನೆಯಾದದ್ದು 1936ರಲ್ಲಿ. 1977ರಲ್ಲಿ ಸರ್ಕಾರಿ ಕಂಪನಿಯಾಯಿತು. 80ರ ದಶಕದಲ್ಲಿ ನ್ಯೂಸ್‌ಪ್ರಿಂಟ್ ಅಂದರೆ ಪತ್ರಿಕೆ ಕಾಗದ, ಸಕ್ಕರೆ ಘಟಕ, ಜೊತೆಗೆ ಮರ ಬೆಳೆಸಲು 40 ವರ್ಷದ ಗುತ್ತಿಗೆಗೆ ಅರಣ್ಯ ಭೂಮಿ. ನೀಲಗಿರಿ ಮರಕ್ಕೆ ಮಲೆನಾಡಿನ ಮಳೆ ಒಗ್ಗಲಿಲ್ಲ, ರೋಗ ಬಂತು. ಅಕೇಶಿಯಾ ಹಬ್ಬಿತು.

ಇನ್ನು ಮಿಲ್ಲಿನ ಒಳಗೆ ಹೋಗೋಣ. ಮರದಿಂದ ನಾರು ಬಿಡಿಸಲು ಮುಖ್ಯವಾಗಿ ಎರಡು ದಾರಿ. ಮರದ ಚಕ್ಕೆಯನ್ನು ಕಾಸ್ಟಿಕ್ ಸೋಡಾ ಸೇರಿಸಿ ಬೇಯಿಸಿದರೆ ಮರದ ಅರ್ಧದಷ್ಟೇ ನಾರಾಗಿ ಸಿಗುತ್ತದೆ. ಉಳಿದದ್ದು ಕರಗಿ ಕಪ್ಪು ರಸವಾಗುತ್ತದೆ. ಅದನ್ನು ಕಾಕಂಬಿಯಂತೆ ಮಂದ ಮಾಡಿ ಬಾಯ್ಲರಿನಲ್ಲಿ ಉರಿಸಿದರೆ ಆವಿಯೂ ಸಿಗುತ್ತದೆ, ಸೋಡಾವೂ ವಾಪಸ್ ಬರುತ್ತದೆ. ಬೇಯಿಸದೆ ಅರೆದರೆ ನೂರಕ್ಕೆ ಸುಮಾರು 90 ಪಾಲು ನಾರು. ಮರ ಉಳಿಯಿತು, ಆದರೆ ಕರೆಂಟು ಜಾಸ್ತಿ, ಉರಿಸಲು ಕಪ್ಪು ರಸವೂ ಇಲ್ಲ. ಹಾಗಾದರೆ ಕಬ್ಬಿನ ಸಿಪ್ಪೆ? ಅದು ಸಕ್ಕರೆ ಮಿಲ್ಲಿನ ಸೌದೆ. ಕಾಗದಕ್ಕೆ ಕೊಟ್ಟರೆ ಅಲ್ಲಿನ ಬಾಯ್ಲರಿಗೆ ಬೇರೇನಾದರೂ ಹಾಕಬೇಕಲ್ವಾ?

ಇಲ್ಲಿ ಯಾವುದೂ ಸುಮ್ನೆ ಸಿಗುವುದಿಲ್ಲ. ಆದರೂ ಉಳಿತಾಯಕ್ಕೆ ಒಂದು ಒಳ್ಳೆ ಜಾಗವಿದೆ. ಒದ್ದೆ ಹಾಳೆಯ ನೀರು ಹಿಂಡುವ ಯಂತ್ರಕ್ಕೆ ಪ್ರೆಸ್ ಎನ್ನುತ್ತಾರೆ. ಅದನ್ನು ದಾಟಿ ಬರುವ ಹಾಳೆಯಲ್ಲಿ ಇನ್ನೂ ಅರ್ಧಕ್ಕಿಂತ ಹೆಚ್ಚು ನೀರೇ ಇರುತ್ತದೆ, ಹಿಂಡಿ ಹರವಿದ ಪಂಚೆಯ ಹಾಗೆ. ಮುಂದೆ ಅದು ಆವಿ ತುಂಬಿದ ದೊಡ್ಡ ಉರುಳೆಗಳ ಸಾಲಿನ ಮೇಲೆ ಓಡುತ್ತ ಒಣಗಬೇಕು. ಮಿಲ್ಲಿನ ಆವಿಯಲ್ಲಿ ದೊಡ್ಡ ಪಾಲು ಮುಗಿಯುವುದು ಇಲ್ಲೇ. ಚೆನ್ನಾಗಿ ಹಿಂಡಿದ ಬಟ್ಟೆ ಬೇಗ ಒಣಗುತ್ತದೆ ಎಂದು ನಮ್ಮಮ್ಮನಿಗೂ ಗೊತ್ತು. ಪ್ರೆಸ್ಸಿನಲ್ಲೇ ಹಾಳೆಯನ್ನು ನೂರಕ್ಕೆ ಒಂದರಷ್ಟು ಹೆಚ್ಚು ಒಣಗಿಸಿದರೆ ಮುಂದಿನ ಆವಿಯಲ್ಲಿ ನೂರಕ್ಕೆ ಸುಮಾರು 4ರಷ್ಟು ಉಳಿಯುತ್ತದೆ. ಉರುಳೆಯೊಳಗೆ ತಣಿದು ನೀರಾದ ಆವಿಯನ್ನು ಚರಂಡಿಗೆ ಬಿಡದೆ ಬಾಯ್ಲರಿಗೇ ಕಳಿಸಿದರೆ ನೀರೂ ಉಳಿಯಿತು, ಶಾಖವೂ ಉಳಿಯಿತು.

ಕಾನೂನು ನಿಧಾನಕ್ಕೆ ಬಂತು. ಹೊರಬಿಡುವ ನೀರಿಗೆ, ನಾರು ಬಿಳುಪು ಮಾಡುವಾಗ ಅದರಲ್ಲಿ ಸೇರುವ ಕ್ಲೋರಿನ್ ಅಂಶಕ್ಕೆ 2003ರಲ್ಲಿ ಕೇಂದ್ರ ಹೊಸ ಮಿತಿ ಹಾಕಿತು. ಇಂಧನ ಉಳಿಸುವ ಗುರಿಗಳನ್ನು ಕಾಗದ ಸೇರಿ 8 ಉದ್ಯಮಗಳಿಗೆ ಕೊಟ್ಟದ್ದು 2012ರಲ್ಲಿ. ಗುರಿ ಮೀರಿ ಉಳಿಸಿದವರು ಆ ಉಳಿತಾಯವನ್ನೇ ಮಾರಬಹುದು ಎಂದಿತ್ತು. ಚೆನ್ನಾಗಿತ್ತು. ಆದರೆ ಹೊಸ ಪ್ರೆಸ್ಸಿಗೆ ಮೊದಲು ದುಡ್ಡು ಬೇಕು, ನಷ್ಟದಲ್ಲಿದ್ದ ಮಿಲ್ಲಿಗೆ ಅದೇ ಇರಲಿಲ್ಲ. 2015ರ ಹೊತ್ತಿಗೆ ಭದ್ರಾವತಿಯಲ್ಲಿ ಉತ್ಪಾದನೆ ನಿಂತಿತು.

2020ರಲ್ಲಿ ತೋಪುಗಳ ಗುತ್ತಿಗೆ ಮುಗಿಯಿತು. ಅದನ್ನು ಇನ್ನೂ 40 ವರ್ಷಕ್ಕೆ ಮುಂದುವರಿಸಿದಾಗ ಮಲೆನಾಡಿನ ಊರೂರಲ್ಲಿ ವಿರೋಧ ಎದ್ದಿತು. ಮಿಲ್ಲು ಮತ್ತೆ ನಡೆಸುವ ಸುದ್ದಿ ಬಂದಾಗಲೆಲ್ಲ ಎಷ್ಟು ಎಕರೆ ತೋಪು ಎಂದು ಎಲ್ಲರೂ ಕೇಳುತ್ತಾರೆ. ಯಾವ ಪ್ರೆಸ್ ಹಾಕುತ್ತೀರಿ ಎಂದು ಕೇಳಿದವರನ್ನು ನಾನಂತೂ ಕಂಡಿಲ್ಲ.