ಪಶು ಆಹಾರ ಹಳೆಯದಾದಂತೆ ಮೊದಲು ಕೆಡುವುದೇನು?

ಮೂಟೆಯ ಮೇಲೆ ಕಚ್ಚಾ ಪ್ರೋಟೀನ್ 20% ಎಂದಿದ್ದರೆ, ಮೂರು ತಿಂಗಳ ಬಳಿಕ ಪರೀಕ್ಷಿಸಿದರೂ ಹೆಚ್ಚುಕಡಿಮೆ ಅಷ್ಟೇ ಬರುತ್ತದೆ. ಲ್ಯಾಬಿನಲ್ಲಿ ಅಳೆಯುವುದು ಸಾರಜನಕವನ್ನು, ಅದನ್ನು 6.25ರಿಂದ ಗುಣಿಸಿ ಪ್ರೋಟೀನ್ ಎನ್ನುತ್ತಾರೆ. ದಾಸ್ತಾನು ಬಿಸಿಯೇರಿ ಪ್ರೋಟೀನು ಸಕ್ಕರೆ ಅಂಶಕ್ಕೆ ಅಂಟಿಕೊಂಡರೆ ಹಸುವಿಗೆ ಅದು ಸರಿಯಾಗಿ ಜೀರ್ಣವಾಗದು, ಆದರೆ ಸಾರಜನಕ ಅಲ್ಲೇ ಇರುತ್ತದೆ. ಹಳೆಯ ಆಹಾರವನ್ನು ಈ ಅಂಕಿಯಿಂದ ಅಳೆಯಲೇಬೇಡಿ.

ಮೊದಲು ಕೆಡುವುದು ಕೊಬ್ಬು. ಎಣ್ಣೆ ತೆಗೆಯದ ಅಕ್ಕಿ ತೌಡಿನಲ್ಲಿ ಸುಮಾರು 15–20% ಎಣ್ಣೆ ಇರುತ್ತದೆ. ಇಡೀ ಕಾಳಿನಲ್ಲಿ ಎಣ್ಣೆಯೂ ಅದನ್ನು ಒಡೆಯುವ ಲೈಪೇಸ್ ಕಿಣ್ವವೂ ಬೇರೆಬೇರೆ ಇರುತ್ತವೆ. ಮಿಲ್ಲಿನಲ್ಲಿ ಪಾಲಿಶ್ ಆದೊಡನೆ ಎರಡೂ ಬೆರೆತು ಎಣ್ಣೆ ಒಡೆಯತೊಡಗುತ್ತದೆ. ಕೆಲವೇ ದಿನಗಳಲ್ಲಿ ಕಮಟು ವಾಸನೆ, ಆಮೇಲೆ ದನ ಮೂಸಿ ಬಿಟ್ಟುಬಿಡುತ್ತದೆ. ಜೊತೆಗೆ ಎ, ಇ ಜೀವಸತ್ವಗಳೂ ಕುಗ್ಗುತ್ತವೆ. ಎಣ್ಣೆ ತೆಗೆದ ತೌಡಿಗೆ ಈ ಕಾಟ ಬಹಳ ಕಡಿಮೆ.

ಬೂಷ್ಟಿನ ವಿಷಯದಲ್ಲಿ ದಿನಗಳಿಗಿಂತ ತೇವವೇ ಮುಖ್ಯ. ಹಲವು ಪದಾರ್ಥ ಬೆರೆಸಿದ ಸಂಯುಕ್ತ ಪಶು ಆಹಾರದ ತೇವಕ್ಕೆ ಭಾರತೀಯ ಮಾನಕ ಸಂಸ್ಥೆಯ (ಬಿಐಎಸ್) ಮಿತಿ 11%. ತೇವ 14% ದಾಟಿ, ಹವೆ 25–35 ಡಿಗ್ರಿ ಇದ್ದರೆ ಆಸ್ಪರ್ಜಿಲಸ್ ಎಂಬ ಬೂಷ್ಟು ಚಿಗುರುತ್ತದೆ. ಬೂಷ್ಟು, ಹುಳು ಎರಡೂ ಉಸಿರಾಡಿ ನೀರು, ಶಾಖ ಬಿಡುವುದರಿಂದ ಮೂಟೆಯ ಒಂದು ಮೂಲೆಯ ತೇವ ಒಳಗೊಳಗೇ ಹರಡುತ್ತದೆ. ಕಡಲೆಕಾಯಿ ಹಿಂಡಿ, ಹತ್ತಿಕಾಳು ಹಿಂಡಿ, ಮೆಕ್ಕೆಜೋಳದಲ್ಲಿ ಆಸ್ಪರ್ಜಿಲಸ್ ಬಿಡುವ ಅಫ್ಲಾಟಾಕ್ಸಿನ್ ವಿಷದ ಭಯ ಹೆಚ್ಚು. ಹಸು ತಿಂದ ಅದರ ಬಿ1 ಬಗೆಯ ಒಂದು ಪಾಲು ಒಂದೇ ದಿನದೊಳಗೆ ಎಂ1 ಎಂಬ ಬಗೆಯಾಗಿ ಹಾಲಿಗೆ ಇಳಿಯುತ್ತದೆ. ಹಾಲು ಕಾಯಿಸಿದರೂ ಹೋಗದು. ಗಂಟು ಕಟ್ಟಿದ ಹಿಂಡಿಯನ್ನು ಒಡೆದು ಬಿಸಿಲಿಗೆ ಹಾಕಿದರೆ ತೇವ ಆರೀತು, ವಿಷ ಉಳಿಯುತ್ತದೆ. ಒಳ್ಳೆಯದರ ಜೊತೆ ಬೆರೆಸಿ ಮುಗಿಸುವುದಂತೂ ಕೂಡದು, ಎಸೆಯಿರಿ.

ಮೂಟೆಗಳನ್ನು ನೆಲದಿಂದ ಅರ್ಧ ಅಡಿ ಎತ್ತರದ ಹಲಗೆಯ ಮೇಲೆ, ಗೋಡೆಯಿಂದ ಒಂದಡಿ ದೂರ ಜೋಡಿಸಿ. ಮೊದಲು ಬಂದದ್ದನ್ನು ಮೊದಲು ಬಿಚ್ಚಿ. ಪ್ಲಾಸ್ಟಿಕ್ ಟಾರ್ಪಾಲನ್ನು ಬಿಗಿಯಾಗಿ ಹೊದಿಸಿದರೆ ಒಳಗೇ ಬೆವರುತ್ತದೆ.

ಎಷ್ಟು ಕೊಳ್ಳಬೇಕು? ದೇಹಪೋಷಣೆಗೆ 1.5 ಕೆಜಿ, ಲೀಟರ್ ಹಾಲಿಗೆ 400 ಗ್ರಾಂ ಲೆಕ್ಕದಲ್ಲಿ 10 ಲೀಟರ್ ಹಸುವಿಗೆ ದಿನಕ್ಕೆ 5.5 ಕೆಜಿ. ಅಂಥ ಎರಡಿದ್ದರೆ ತಿಂಗಳಿಗೆ 330 ಕೆಜಿ, ಅಂದರೆ 50 ಕೆಜಿಯ ಏಳು ಮೂಟೆ. ಮಳೆಗಾಲದಲ್ಲಿ ಅದಕ್ಕಿಂತ ಹೆಚ್ಚು ತುಂಬಿಡಬೇಡಿ.

ಮೆಕ್ಕೆಜೋಳ ಕೊಳ್ಳುವಾಗ ಒಣಗಿದ ಗಾಜಿನ ಬಾಟಲಿಗೆ ಕಾಳು, ಹುರಿದು ಆರಿಸಿದ ಪುಡಿ ಉಪ್ಪು ಹಾಕಿ ಕುಲುಕಿ, ಕಾಲು ಗಂಟೆ ಬಿಡಿ. ಉಪ್ಪು ಗಾಜಿಗೆ ಅಂಟಿದರೆ ತೇವ 15% ಮೀರಿದೆ. ಅದನ್ನು ಇನ್ನೂ ಒಣಗಿಸಬೇಕು.