ಮಾರುತಿ 800 ನೀಲಿ ಹೊಗೆ ಬಿಡುತ್ತಿದೆ, ಎಂಜಿನ್ ಇಳಿಸಲೇಬೇಕಾ?

ಪ್ರಶ್ನೆ: ನಮ್ಮ ಮನೆಯಲ್ಲಿ ಕಾರ್ಬೊರೇಟರ್ ಇರುವ ಹಳೆಯ ಮಾರುತಿ 800 ಇದೆ. ಇತ್ತೀಚೆಗೆ ನೀಲಿ ಹೊಗೆ ಬರುತ್ತಿದೆ, ಆಯಿಲ್ ಕೂಡ ಕಡಿಮೆಯಾಗುತ್ತಿದೆ. ಗ್ಯಾರೇಜಿನವರು ಎಂಜಿನ್ ಇಳಿಸಬೇಕು, ಅಂದರೆ ಗಾಡಿಯಿಂದ ಹೊರಗೆ ತೆಗೆಯಬೇಕು ಅಂತಾರೆ. ನಿಜಕ್ಕೂ ಬೇಕಾ? ಇಳಿಸುವುದಾದರೆ ನಾನು ಏನೇನು ಗಮನಿಸಬೇಕು?

ಉತ್ತರ: ಹೊಗೆ ಬಂದ ಮಾತ್ರಕ್ಕೆ ಎಂಜಿನ್ ಇಳಿಸಬೇಕಿಲ್ಲ. ಅದು ಯಾವಾಗ ಬರುತ್ತದೆ ಅನ್ನುವುದನ್ನು ಮೊದಲು ನೋಡಿ. ರಾತ್ರಿಯೆಲ್ಲ ನಿಂತಿದ್ದ ಗಾಡಿಯನ್ನು ಬೆಳಿಗ್ಗೆ ಸ್ಟಾರ್ಟ್ ಮಾಡಿದಾಗ ಒಂದಿಷ್ಟು ಬಂದು ಆಮೇಲೆ ನಿಂತುಹೋದರೆ, ಬಹುಮಟ್ಟಿಗೆ ವಾಲ್ವ್ ಸೀಲ್ (ವಾಲ್ವಿನ ಪಕ್ಕದಿಂದ ಆಯಿಲ್ ಸಿಲಿಂಡರಿಗೆ ಇಳಿಯದಂತೆ ತಡೆಯುವ ರಬ್ಬರು) ಹೋಗಿರುತ್ತದೆ. ಅದು ಹೆಡ್ (ಎಂಜಿನ್ನಿನ ಮೇಲ್ಭಾಗ) ಕಡೆಯ ಕೆಲಸ, ಎಂಜಿನ್ ಜಾಗದಲ್ಲೇ ಇರಲಿ. ಏರು ಹತ್ತುವಾಗ, ಎಕ್ಸಲರೇಟರ್ ಒತ್ತಿದಾಗೆಲ್ಲ ಹೊಗೆ ಬಂದರೆ ಪಿಸ್ಟನ್ ರಿಂಗ್ (ಪಿಸ್ಟನ್ ಸುತ್ತಲಿನ ಬಳೆ) ಅಥವಾ ಬೋರ್ (ಪಿಸ್ಟನ್ ಓಡಾಡುವ ಸಿಲಿಂಡರಿನ ಒಳಗೋಡೆ) ಸವೆದಿರುವ ಅನುಮಾನ ಗಟ್ಟಿಯಾಗುತ್ತದೆ.

ಅನುಮಾನ ಬಗೆಹರಿಸಲು ಕಂಪ್ರೆಷನ್ ಟೆಸ್ಟ್, ಅಂದರೆ ಸಿಲಿಂಡರಿನೊಳಗಿನ ಒತ್ತಡ ಅಳೆಯುವ ಪರೀಕ್ಷೆ ಮಾಡಿಸಿ. ಮೂರೂ ಪ್ಲಗ್ ಬಿಚ್ಚಿ, ಒಂದೊಂದೇ ಸಿಲಿಂಡರಿಗೆ ಗೇಜ್ ಹಾಕಿ ಸೆಲ್ಫ್ ಹೊಡೆದು ರೀಡಿಂಗ್ ಬರೆದಿಟ್ಟುಕೊಳ್ಳಬೇಕು. ಕಡಿಮೆ ಬಂದ ಸಿಲಿಂಡರಿಗೆ ಒಂದು ಚಮಚ ಎಂಜಿನ್ ಆಯಿಲ್ ಬಿಟ್ಟು ಮತ್ತೆ ನೋಡಿ. ರೀಡಿಂಗ್ ಏರಿದರೆ ತೊಂದರೆ ರಿಂಗು, ಬೋರಿನದು. ಏರದಿದ್ದರೆ ವಾಲ್ವ್ ಅಥವಾ ಹೆಡ್ ಗ್ಯಾಸ್ಕೆಟ್ ಕಡೆಯದು. ಈ ಟೆಸ್ಟ್ ಮಾಡದೆ ಎಂಜಿನ್ ಇಳಿಸಲು ಒಪ್ಪಬೇಡಿ.

ಬರೀ ರಿಂಗ್ ಸವೆದಿದ್ದರೆ ಎಂಜಿನ್ ಇಳಿಸದೆಯೇ ಹೆಡ್ ಮತ್ತು ಸಂಪ್ (ಕೆಳಗಿನ ಆಯಿಲ್ ತಟ್ಟೆ) ಬಿಚ್ಚಿ ಪಿಸ್ಟನ್‌ಗಳನ್ನು ಮೇಲಿಂದ ಹೊರಗೆ ತೆಗೆಯಬಹುದು. ಆದರೆ ಬೋರ್ ಸವೆದಿದ್ದರೆ ಬ್ಲಾಕ್ (ಸಿಲಿಂಡರುಗಳಿರುವ ಎಂಜಿನ್ನಿನ ಮುಖ್ಯ ಭಾಗ) ಲೇತ್ ಶಾಪಿಗೆ ಹೋಗಲೇಬೇಕು. ಈ 796 ಸಿಸಿ ಎಂಜಿನ್ನಿನ ಬೋರ್ 68.5 ಮಿ.ಮೀ. ಅದನ್ನು ಕೊರೆದು ಓವರ್‌ಸೈಜ್ ಪಿಸ್ಟನ್ ಹಾಕುತ್ತಾರೆ. ಕ್ರ್ಯಾಂಕ್ ಬೇರಿಂಗ್ ಸದ್ದು ಮಾಡುತ್ತಿದ್ದರೂ ಇಳಿಸದೆ ದಾರಿಯಿಲ್ಲ. ಕ್ಲಚ್ ಪ್ಲೇಟ್‌ಗಾಗಿ ಮಾತ್ರ ಯಾರಾದರೂ ಎಂಜಿನ್ ಇಳಿಸಬೇಕು ಅಂದರೆ ನಂಬಬೇಡಿ, ಗೇರ್ ಬಾಕ್ಸ್ ಒಂದನ್ನೇ ಕೆಳಗಿಂದ ತೆಗೆದರೆ ಸಾಕು.

ಇಳಿಸುವ ಕೆಲಸ ಕಷ್ಟದ್ದಲ್ಲ. ಮೂರು ಸಿಲಿಂಡರಿನ ಚಿಕ್ಕ ಎಂಜಿನ್, ಬಾನೆಟ್ ಬಿಚ್ಚಿ ಚೈನ್ ಬ್ಲಾಕ್ ಹಾಕಿದರೆ ಮೇಲೆ ಬರುತ್ತದೆ. ಹಾಳಾಗುವುದು ಎಂಜಿನ್ನಿಗಿಂತ ಹೆಚ್ಚಾಗಿ ಅದಕ್ಕೆ ಅಂಟಿಕೊಂಡ ವೈರು, ಪೈಪು, ಕೇಬಲ್ಲುಗಳು. ಕಾರ್ಬೊರೇಟರ್ ಗಾಡಿಯಲ್ಲಿ ಸಣ್ಣ ಸಣ್ಣ ವ್ಯಾಕ್ಯೂಮ್ ಪೈಪುಗಳು ಒಂದೇ ಥರ ಕಾಣುತ್ತವೆ. ಒಂದು ಅದಲುಬದಲಾದರೂ ಎಂಜಿನ್ ಐಡಲ್‌ನಲ್ಲಿ (ಎಕ್ಸಲರೇಟರ್ ಒತ್ತದಿರುವಾಗ) ಸರಿಯಾಗಿ ಓಡದೆ ಆರಿಹೋಗಬಹುದು. ಬಿಚ್ಚುವ ಮೊದಲು ಎಲ್ಲ ಕಡೆಯಿಂದ ಮೊಬೈಲಿನಲ್ಲಿ ಫೋಟೊ ತೆಗೆಯಿರಿ. ಪ್ರತಿ ಪೈಪಿಗೂ ಅದು ಕೂರುವ ಜಾಗಕ್ಕೂ ಒಂದೇ ನಂಬರಿನ ಟೇಪ್ ಅಂಟಿಸಿ. ಗಡಿಬಿಡಿಯಲ್ಲಿರುವ ಮೆಕ್ಯಾನಿಕ್ ಇದನ್ನು ಮಾಡದಿರಬಹುದು, ನೀವೇ ನಿಂತು ಮಾಡಿ.

ಬ್ಯಾಟರಿಯ ನೆಗೆಟಿವ್ ಮೊದಲು ತೆಗೆಯಬೇಕು. ಕೂಲಂಟ್, ಎಂಜಿನ್ ಆಯಿಲ್ ಇಳಿಸಬೇಕು. ಗೇರ್ ಬಾಕ್ಸಿನಿಂದ ಡ್ರೈವ್ ಶಾಫ್ಟ್ ಎಳೆದರೆ ಗೇರ್ ಆಯಿಲ್ ಸುರಿಯುತ್ತದೆ, ಅದನ್ನೂ ಮೊದಲೇ ಇಳಿಸಿ, ಅಲ್ಲಿನ ಆಯಿಲ್ ಸೀಲುಗಳನ್ನು ಹೊಸದು ಹಾಕಿಸಿ. ಎಸಿ ಇದ್ದರೆ ಅದರ ಪೈಪು ಬಿಚ್ಚಲು ಬಿಡಬೇಡಿ. ಕಂಪ್ರೆಸರನ್ನು ಬೋಲ್ಟ್ ಬಿಚ್ಚಿ ಪೈಪಿನ ಸಮೇತ ಪಕ್ಕಕ್ಕೆ ಕಟ್ಟಿಟ್ಟರೆ ಗ್ಯಾಸ್ ತುಂಬಿಸುವ ಖರ್ಚು ಉಳಿಯುತ್ತದೆ. ಗಾಡಿ ಬರೀ ಜಾಕ್ ಮೇಲೆ ನಿಂತಿರುವಾಗ ಯಾರೂ ಕೆಳಗೆ ನುಸುಳಬಾರದು, ಸ್ಟ್ಯಾಂಡ್ ಇರಲೇಬೇಕು. ನೇತಾಡುವ ಎಂಜಿನ್ನಿನ ಅಡಿಗಂತೂ ಕೈಯನ್ನೂ ಒಡ್ಡಬೇಡಿ.

ವಾಪಸ್ ಕೂರಿಸುವಾಗ ಹೆಚ್ಚು ಮರೆತುಹೋಗುವುದು ಎಂಜಿನ್ನಿನಿಂದ ಬಾಡಿಗೆ ಬರುವ ಅರ್ಥಿಂಗ್ ವೈರು. ಅದಿಲ್ಲದೆ ಸೆಲ್ಫ್ ಹೊಡೆದರೆ ಮೋಟಾರಿನ ಅಷ್ಟೂ ಕರೆಂಟ್ ದಾರಿ ಹುಡುಕಿಕೊಂಡು ಕ್ಲಚ್ ಕೇಬಲ್ಲಿನಲ್ಲೋ ಎಕ್ಸಲರೇಟರ್ ಕೇಬಲ್ಲಿನಲ್ಲೋ ಹರಿಯುತ್ತದೆ. ಕೇಬಲ್ ಬಿಸಿಯಾಗಿ ಒಳಗಿನ ಪ್ಲಾಸ್ಟಿಕ್ ಕರಗಿ ಹಿಡಿದುಕೊಳ್ಳುತ್ತದೆ. ರಸ್ತೆಯಲ್ಲಿ ಎಕ್ಸಲರೇಟರ್ ಸಿಕ್ಕಿಹಾಕಿಕೊಂಡರೆ ಏನಾದೀತು, ನೀವೇ ಯೋಚಿಸಿ. ಆ ವೈರಿನ ಎರಡೂ ತುದಿಯನ್ನು ಉಜ್ಜಿ ಬಿಗಿ ಮಾಡಿಸಿದ ಮೇಲೆಯೇ ಬ್ಯಾಟರಿ ಜೋಡಿಸಲು ಹೇಳಿ.

ಎಂಜಿನ್ ಹೊರಗಿದ್ದಾಗಲೇ ಕ್ಲಚ್ ಪ್ಲೇಟ್, ಟೈಮಿಂಗ್ ಬೆಲ್ಟ್, ಕ್ರ್ಯಾಂಕಿನ ಆಯಿಲ್ ಸೀಲುಗಳು, ಮೌಂಟಿಂಗ್ ರಬ್ಬರುಗಳು ಹೇಗಿವೆ ನೋಡಿ, ಸವೆದಿದ್ದರೆ ಬದಲಿಸಿಬಿಡಿ. ಮತ್ತೆ ಬಿಚ್ಚುವ ಕೂಲಿ ಈ ಸಾಮಾನುಗಳ ಬೆಲೆಗಿಂತ ಹೆಚ್ಚಾದೀತು. ಮೊದಲ ಸಲ ಸ್ಟಾರ್ಟ್ ಮಾಡುವಾಗ ಪ್ಲಗ್ ಹಾಕದೆ, ಇಗ್ನಿಷನ್ ಕಾಯಿಲಿನ ವೈರ್ ತೆಗೆದು, ಆಯಿಲ್ ಲೈಟ್ ಆರುವವರೆಗೆ ಸೆಲ್ಫ್ ಹೊಡೆಯಿರಿ. ನಡುನಡುವೆ ಮೋಟಾರಿಗೆ ವಿರಾಮ ಕೊಡಿ.

ಬೋರಿಂಗ್ ಖರ್ಚು ಕೇಳಿ ಗಾಬರಿಯಾಗಿ ಗುಜರಿಯಿಂದ ಬೇರೆ ಎಂಜಿನ್ ತಂದು ಕೂರಿಸುವ ಸಲಹೆಯೂ ಬಂದೀತು. ಆಗ ಬ್ಲಾಕಿನ ಮೇಲಿನ ನಂಬರ್ ಬೇರೆಯಾಗುತ್ತದೆ, ಆರ್‌ಸಿಯಲ್ಲಿ ಹಳೆಯದೇ ಉಳಿಯುತ್ತದೆ. ಎಂಜಿನ್ ಕೊಳ್ಳುವ ಮೊದಲೇ ಆರ್‌ಟಿಒ ಕಚೇರಿಗೆ ಹೋಗಿ ಅನುಮತಿ ಕೇಳಿ, ಆ ಎಂಜಿನ್ನಿನ ಬಿಲ್ಲು, ಮೂಲ ಕಾಗದ ಸಿಗದಿದ್ದರೆ ಮುಟ್ಟಲು ಹೋಗಬೇಡಿ.